ಗಾಜಿನ ತೊಟ್ಟಿಯ ಮೀನುಗಳಿಗೆ ಬಿಳಿ ಚುಕ್ಕೆಯ ರೋಗ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವುದು ಈಗ ದೊಡ್ಡ ನಗರಗಳಿಗೆ ಮಾತ್ರ ಸೇರಿದ ವಿನೋದವಾಗಿ ಉಳಿದಿಲ್ಲ; ಶಿವಮೊಗ್ಗೆ, ಭದ್ರಾವತಿಗಳ ಮನೆಗಳಲ್ಲಿಯೂ ಅದು ಮಕ್ಕಳ ಕಣ್ಣಿಗೆ ಹಬ್ಬವಾಗಿದೆ. ಆದರೆ ತೊಟ್ಟಿಯನ್ನು ಹೂಡಿದ ಕೆಲವೇ ದಿನಗಳಲ್ಲಿ ಮೀನಿನ ಮೈಮೇಲೆ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಮೂಡುವುದೂ, ಅವು ಒಂದೊಂದಾಗಿ ಸಾಯುವುದೂ, ಹಿರಿಯರು ಬೇಸತ್ತು ತೊಟ್ಟಿಯನ್ನು ಅಟ್ಟಕ್ಕೇರಿಸುವುದೂ ಅಪೂರ್ವವಲ್ಲ. ಕಾರಣವನ್ನು ತಿಳಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದಾದುದರಿಂದ, ಈ ತಿಂಗಳು ಅದನ್ನೇ ಕುರಿತು ಬರೆಯುತ್ತೇವೆ.

ಈ ರೋಗವನ್ನುಂಟುಮಾಡುವುದು ಒಂದೇ ಕೋಶದ ಪರೋಪಜೀವಿ. ೧೮೭೬ರಲ್ಲಿ ಫೂಕೆ ಎಂಬ ವಿದ್ವಾಂಸನು ಇದಕ್ಕಿಟ್ಟ ಶಾಸ್ತ್ರೀಯ ನಾಮಕ್ಕೆ 'ಬಹುಸಂತಾನದ ಮೀನಿನ ಹೇನು' ಎಂದು ಅರ್ಥ. ಹೆಸರು ಅನ್ವರ್ಥವೇ ಸರಿ. ಮೀನಿನ ಚರ್ಮದಡಿಯಲ್ಲಿ ಬೆಳೆದ ಜೀವಿಯು ಉದುರಿ, ತಳದ ಮರಳಿನಲ್ಲಿಯೋ ಗಿಡದ ಮೇಲೆಯೋ ಅಂಟಿಕೊಂಡು, ಸುತ್ತಲೂ ಕೋಶವನ್ನು ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ನೂರಾರಾಗಿ ಒಡೆದು, ಮರಿಗಳು ನೀರಿಗೆ ಬಂದು ಈಜುತ್ತವೆ. ಎರಡು ದಿನಗಳೊಳಗಾಗಿ ಮೀನು ಸಿಕ್ಕದಿದ್ದರೆ ಅವು ಸಾಮಾನ್ಯವಾಗಿ ನಾಶವಾಗುತ್ತವೆ. ಸಿಕ್ಕಿದರೆ ಮತ್ತೆ ಚುಕ್ಕೆಗಳೇಳುತ್ತವೆ. ೨೫ ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಈ ಸುತ್ತು ಸುಮಾರು ಒಂದು ವಾರದಲ್ಲಿ ಮುಗಿಯುವುದು. ನೀರು ತಣ್ಣಗಾದಷ್ಟೂ ನಿಧಾನವಾಗುವುದು.

ಇಲ್ಲಿಯೇ ಚಿಕಿತ್ಸೆಯ ಮರ್ಮವಿದೆ. ಚರ್ಮದಡಿಯಲ್ಲಿರುವ ಜೀವಿಗೂ ಕೋಶದೊಳಗಿರುವ ಜೀವಿಗೂ ಔಷಧವು ತಗಲದು. ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ ಅದು ಕೊಲ್ಲಬಲ್ಲುದು. ಮೂರು ದಿನ ಔಷಧ ಹಾಕಿ, ಚುಕ್ಕೆಗಳು ಮಾಯವಾದುದನ್ನು ಕಂಡು ನಿಲ್ಲಿಸಿದವರ ತೊಟ್ಟಿಯಲ್ಲಿ ರೋಗವು ಇಮ್ಮಡಿಯಾಗಿ ಮರಳುವುದು ಇದರಿಂದಲೇ. ಚುಕ್ಕೆಗಳು ಮಾಯವಾಗುವುದು ಗುಣದ ಲಕ್ಷಣವಲ್ಲ, ಹೊಸ ಸಂತಾನದ ಮುನ್ಸೂಚನೆಯಾಗಬಹುದು. ಆದುದರಿಂದ ಎರಡು ವಾರಗಳ ಕಾಲ ಚಿಕಿತ್ಸೆಯನ್ನು ಬಿಡದೆ ನಡೆಸಬೇಕು.

ಮೊದಲು ರೋಗವನ್ನು ಗುರುತಿಸಿರಿ. ಮೀನು ಕಲ್ಲಿಗೆ ಮೈಯುಜ್ಜುವುದು, ರೆಕ್ಕೆಗಳನ್ನು ಮುದುರಿಕೊಳ್ಳುವುದು, ಮೇಲೆ ಬಂದು ಬಾಯಿ ಬಿಡುವುದು, ಇವು ಚುಕ್ಕೆಗಳಿಗೂ ಮೊದಲೇ ಕಾಣಬಹುದಾದ ಚಿಹ್ನೆಗಳು. ಗಂಡು ಚಿನ್ನದ ಮೀನಿಗೆ ಬೆದೆಗಾಲದಲ್ಲಿ ಕಿವಿರು ಮುಚ್ಚಳದ ಮೇಲೆ ಮಾತ್ರವೂ, ಮುಂದಿನ ರೆಕ್ಕೆಯ ಅಂಚಿನಲ್ಲಿಯೂ ಏಳುವ ಬಿಳಿಯ ಗುಳ್ಳೆಗಳು ಸಹಜವಾದವು. ಅವಕ್ಕೆ ಔಷಧ ಬೇಡ.

ಅಡಿಗೆಮನೆಯ ಕಲ್ಲುಪ್ಪೇ ಸುಲಭವಾದ ಮದ್ದು. ಲೀಟರಿಗೆ ೨ ಗ್ರಾಂ, ಎಂದರೆ ೪೦ ಲೀಟರಿನ ತೊಟ್ಟಿಗೆ ೮೦ ಗ್ರಾಂ ಉಪ್ಪನ್ನು ನಾಲ್ಕು ಪಾಲು ಮಾಡಿ, ಪ್ರತ್ಯೇಕವಾಗಿ ನೀರಿನಲ್ಲಿ ಕರಗಿಸಿ, ಎರಡು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಗಿಡಗಳಿಗೂ ಬಸವನಹುಳುಗಳಿಗೂ ಹುರುಪೆಯಿಲ್ಲದ ಮೀನುಗಳಿಗೂ ಉಪ್ಪು ಒಗ್ಗದಿರಬಹುದು; ಅಂತಹವನ್ನು ಗಮನಿಸುತ್ತಿರಬೇಕು. ದಿನ ಬಿಟ್ಟು ದಿನ ರಬ್ಬರ್ ಕೊಳವೆಯಿಂದ ತಳದ ಕಸದೊಡನೆ ಕಾಲುಭಾಗ ನೀರನ್ನು ತೆಗೆದು, ಹೊಸ ನೀರಿಗೆ ತಕ್ಕಷ್ಟು ಉಪ್ಪನ್ನು ಮಾತ್ರ ಸೇರಿಸಿರಿ. ಬೆಚ್ಚನೆಯ ನೀರನ್ನು ಸಹಿಸುವ ಮೀನುಗಳಾದರೆ ಹೀಟರಿನಿಂದ ನಿಧಾನವಾಗಿ ೩೦ ಡಿಗ್ರಿಯವರೆಗೆ ಏರಿಸಬಹುದು. ಚಿನ್ನದ ಮೀನಿಗೆ ಅಷ್ಟು ಬಿಸಿ ಹಿತವಲ್ಲ. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುವುದರಿಂದ ಗಾಳಿಯ ಪಂಪು ಸದಾ ನಡೆಯುತ್ತಿರಲಿ. ನೀರಿಗೆ ಕೈಯಿಡುವ ಮುನ್ನ ವಿದ್ಯುತ್ತನ್ನು ನಿಲ್ಲಿಸುವುದನ್ನು ಮರೆಯಬೇಡಿರಿ.

ಹೊಸ ತೊಟ್ಟಿಗೇ ಈ ಕಾಟ ಹೆಚ್ಚೇಕೆ? ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ತೊಡೆಯುವ ಸೂಕ್ಷ್ಮಾಣುಗಳು ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಹತ್ತಾರು ಮೀನುಗಳನ್ನು ತುಂಬಿದರೆ ಅವು ಬಳಲಿ, ಅಂಗಡಿಯಿಂದ ತಂದ ರೋಗಕ್ಕೆ ಸುಲಭವಾಗಿ ತುತ್ತಾಗುತ್ತವೆ. ಮಲೆನಾಡಿನ ಮಾಗಿಯ ಚಳಿಯಲ್ಲಿ ನೀರು ರಾತ್ರಿ ತಣ್ಣಗಾಗಿ ಹಗಲು ಬೆಚ್ಚಗಾಗುವುದೂ ಅವುಗಳನ್ನು ಕುಗ್ಗಿಸುವುದು. ಗಂಗಾಸ್ನಾನ ತುಂಗಾಪಾನ ಎಂಬ ನುಡಿ ನಮಗೆ ಹೆಮ್ಮೆಯದು. ಆದರೆ ನಲ್ಲಿಯಲ್ಲಿ ಬರುವ ತುಂಗೆಯ ನೀರಿಗೆ ಕ್ಲೋರಿನ್ ಬೆರೆತಿರುವುದರಿಂದ, ಅಗಲವಾದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟ ಮೇಲೆಯೇ ಅದು ಮೀನಿಗೆ ಯೋಗ್ಯವಾಗುವುದು. ಭದ್ರಾವತಿಯ ನಲ್ಲಿ ನೀರಿಗೂ ಇದೇ ಕ್ರಮ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿದ ಬಳಿಕವೇ ಹಳೆಯ ಮೀನುಗಳೊಡನೆ ಬಿಡಿರಿ.

ಕಡೆಯದಾಗಿ ಒಂದು ವಿಜ್ಞಾಪನೆ. ಬೇಸತ್ತ ಕೆಲವರು, ಕೊಂದ ಪಾಪ ಬರಬಾರದೆಂದು ರೋಗದ ಮೀನನ್ನು ಹೊಳೆಗೆ ಬಿಡುತ್ತಾರೆ. ಇದು ದಯೆಯಲ್ಲ. ಈ ಪರೋಪಜೀವಿಯು ಸಿಹಿನೀರಿನ ನಾನಾ ಜಾತಿಯ ಮೀನುಗಳನ್ನು ಹಿಡಿಯಬಲ್ಲುದು. ತೀರ್ಥಹಳ್ಳಿಯ ಬಳಿಯ ಚಿಬ್ಬಲಗುಡ್ಡೆಯಲ್ಲಿ ಜನರು ಭಕ್ತಿಯಿಂದ ಕಾಪಾಡುತ್ತ ಬಂದಿರುವ ಮತ್ಸ್ಯಗಳೂ ಇದೇ ತುಂಗೆಯ ಕೂಸುಗಳು. ಭದ್ರೆಯೂ ಕೂಡಲಿಯಲ್ಲಿ ಆ ತುಂಗೆಯನ್ನೇ ಸೇರುವಳು. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿರಿ. ತೊಟ್ಟಿಯ ನೀರನ್ನು ಹಿತ್ತಿಲಿನ ಮಣ್ಣಿಗೆ ಚೆಲ್ಲಿರಿ, ಉಪ್ಪು ಬೆರೆತಿದ್ದರೆ ಗಿಡಗಳ ಬುಡದಿಂದ ದೂರವಿರಲಿ. ಬಲೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಿ. ಉಳಿದ ಮೀನುಗಳಿಗೆ ಎರಡು ವಾರದ ಚಿಕಿತ್ಸೆಯನ್ನು ಪೂರ್ತಿಯಾಗಿ ಮಾಡಿರಿ. ಈ ಕೆಲಸದಲ್ಲಿ ಮಕ್ಕಳನ್ನೂ ಜೊತೆಗಿರಿಸಿಕೊಂಡರೆ ಅವರ ಕಣ್ಣೀರು ನಿಲ್ಲುವುದಲ್ಲದೆ, ಸಾಕಿದ ಜೀವದ ಹೊಣೆ ಎಂತಹುದೆಂಬುದೂ ಅವರಿಗೆ ತಿಳಿಯುವುದು.