ಕೀ ಕೊಟ್ಟರೆ ಸಾಲದು, ಪಕ್ಕದಲ್ಲಿ ಕೂರಬೇಕು

ಬೆಳಿಗ್ಗೆ ಆರಕ್ಕೆ ನಮ್ಮ ಯಾವುದೇ ಊರಿನ ಟ್ಯೂಷನ್ ಕೇಂದ್ರದ ಮುಂದೆ ನಿಂತು ನೋಡಿ. ಸ್ಕೂಟರ್‌ಗಳ ಸಾಲೇ ಇರುತ್ತದೆ. ಓಡಿಸಿಕೊಂಡು ಬಂದವರಲ್ಲಿ ಎಷ್ಟೋ ಮಂದಿ ಹತ್ತನೇ ಕ್ಲಾಸಿನವರು, ಫಸ್ಟ್ ಪಿಯುಸಿಯವರು. ಒಂದು ಗಾಡಿಗೆ ಮೂವರು, ತಲೆಗೆ ಹೆಲ್ಮೆಟ್ ಇಲ್ಲ. ‘ನಮ್ಮ ಹುಡುಗ ಎಂಟನೇ ಕ್ಲಾಸಿಗೇ ಗಾಡಿ ಕಲಿತ’ ಎಂದು ಹೆಮ್ಮೆಪಡುವ ಅಪ್ಪ ಅಮ್ಮಂದಿರು ಪ್ರತಿ ಬೀದಿಯಲ್ಲೂ ಇದ್ದಾರೆ. ಈ ಹೆಮ್ಮೆ ಬಿಡಬೇಕಾದ ಕಾಲ ಬಂದಿದೆ.

ಕಾನೂನಿನಲ್ಲಿ ಗೊಂದಲವಿಲ್ಲ. ಗಾಡಿ ಓಡಿಸಲು 18 ತುಂಬಿರಬೇಕು. 16ಕ್ಕೇ ಓಡಿಸಬಹುದು ಎಂಬ ವಾದ 50 ಸಿಸಿ ಮೀರದ ಬೈಕುಗಳಿಗೆ ಮಾತ್ರ ಸಲ್ಲುತ್ತದೆ; ನಮ್ಮ ಮನೆಗಳ ಮುಂದೆ ನಿಂತಿರುವ ಪೆಟ್ರೋಲ್ ಸ್ಕೂಟರ್‌ಗಳು ಸಾಮಾನ್ಯವಾಗಿ 110 ಅಥವಾ 125 ಸಿಸಿಯವು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, ₹25,000 ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಅಪಘಾತದಲ್ಲಿ ಬೇರೆಯವರಿಗೆ ಪೆಟ್ಟಾದರೆ, ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲು ಮಾಡಬಹುದು. ದಂಡಕ್ಕಿಂತ ದೊಡ್ಡದು ಜೀವದ ಲೆಕ್ಕ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಹೆಲ್ಮೆಟ್ ಹಾಕದ ಸವಾರರು ಮತ್ತು ಹಿಂಬದಿ ಕೂತವರು.

ಆದರೆ 18 ತುಂಬಿದ ದಿನ ನಮ್ಮ ಹೊಣೆ ಮುಗಿಯುವುದಿಲ್ಲ, ಅಂದೇ ಶುರುವಾಗುತ್ತದೆ. ನಾವು ಎಡವುತ್ತಿರುವುದು ಇಲ್ಲೇ. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಬಂದು 30 ದಿನವಾದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಡ್ರೈವಿಂಗ್ ಸ್ಕೂಲಿನವರು ಕ್ಲಚ್, ಗೇರು, ರಿವರ್ಸ್ ಕಲಿಸುತ್ತಾರೆ. ಟ್ರ್ಯಾಕಿನಲ್ಲಿ ‘8’ ಬರೆಸುತ್ತಾರೆ. ಲೈಸೆನ್ಸ್ ಕೈಗೆ ಬಂದೊಡನೆ ಮನೆಯವರು ಕೀ ಕೊಟ್ಟು ನಿರಾಳರಾಗುತ್ತಾರೆ. ಮಳೆಯಲ್ಲಿ ಬ್ರೇಕ್ ಹೇಗೆ ಹಿಡಿಯಬೇಕು, ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದಾಗ ಏನು ಮಾಡಬೇಕು ಎಂಬುದನ್ನು ಆ ಟ್ರ್ಯಾಕ್ ಕಲಿಸುವುದಿಲ್ಲ. ಅದನ್ನು ಪಕ್ಕದ ಸೀಟಿನಲ್ಲಿ ಕೂತ ಅನುಭವಿಗಳು ಕಲಿಸಬೇಕು.

ಹೇಗೆ? ಮೆಟ್ಟಿಲು ಮೆಟ್ಟಿಲಾಗಿ. ಎಲ್‌ಎಲ್‌ಆರ್ ಹಂತದಲ್ಲಿ ಕೆಂಪು ‘ಎಲ್’ ಫಲಕ ಹಾಕಿ, ಲೈಸೆನ್ಸ್ ಇರುವ ಹಿರಿಯರು ಗಾಡಿಯನ್ನು ತಡೆದು ನಿಲ್ಲಿಸಬಲ್ಲ ಹಾಗೆ ಜೊತೆಗಿರಲೇಬೇಕು, ಅದು ನಿಯಮ. ಮೊದಲು ಖಾಲಿ ಮೈದಾನ, ಆಮೇಲೆ ಮುಂಜಾನೆಯ ಲೇಔಟ್ ರಸ್ತೆ, ಆಮೇಲೆ ಸಂತೆ ದಿನದ ಪೇಟೆ. ಮಳೆ ಮತ್ತು ರಾತ್ರಿ ಅದಾದ ಮೇಲೆ. ಹೆದ್ದಾರಿ, ಘಾಟಿ ಕಟ್ಟಕಡೆಗೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವುದು ಅಪಾಯ. ಕಡಿಮೆ ಗೇರಿನಲ್ಲೇ ಇಳಿಯಬೇಕು, ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು. ಮಕ್ಕಳು ಇದನ್ನು ಪಕ್ಕದಲ್ಲಿ ನೀವಿರುವಾಗಲೇ ಒಮ್ಮೆ ಮಾಡಿ ನೋಡಲಿ.

ಕಲಿಸುವಾಗ ಕಿರುಚಬೇಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದೇ ಸೆಕೆಂಡಿನಲ್ಲಿ 11 ಮೀಟರ್ ಓಡಿರುತ್ತದೆ. ‘ಏಯ್, ಬ್ರೇಕು!’ ಎಂಬ ಕೂಗಿಗೆ ಬೆಚ್ಚಿದ ಮಗು ಆ ಸೆಕೆಂಡನ್ನು ನಿಮ್ಮ ಮುಖ ನೋಡುವುದರಲ್ಲೇ ಕಳೆಯುತ್ತದೆ. ‘ಮುಂದೆ ಸ್ಕೂಲಿದೆ, ಈಗಲೇ ನಿಧಾನ ಮಾಡಪ್ಪ’ ಎಂದು ಮೊದಲೇ ಹೇಳಿ. ಕಂಡದ್ದನ್ನು ಬಾಯಿಬಿಟ್ಟು ಹೇಳಲು ಹಚ್ಚಿ: ಎಡಕ್ಕೆ ಹಸು, ನಿಂತ ಬಸ್ಸಿನ ಮುಂದಿಂದ ಯಾರಾದರೂ ದಾಟಬಹುದು, ಆಟೋ ಯಾವಾಗ ಬೇಕಾದರೂ ತಿರುಗಬಹುದು. ಅವರ ಕಣ್ಣು ಎಷ್ಟು ದೂರ ನೋಡುತ್ತಿದೆಯೆಂದು ಆಗ ನಿಮಗೂ ಗೊತ್ತಾಗುತ್ತದೆ.

ಮಗನಿಗೆ ಕೊಟ್ಟಷ್ಟೇ ಸಮಯವನ್ನು ಮಗಳಿಗೂ ಕೊಡಿ. ಎಷ್ಟೋ ಮನೆಗಳಲ್ಲಿ ಕಾರಿನ ಸ್ಟಿಯರಿಂಗ್ ಹಿಡಿಯುವ ಅವಕಾಶ ಹುಡುಗನಿಗೆ ತಾನಾಗಿ ಸಿಗುತ್ತದೆ, ಹುಡುಗಿ ಕೇಳಿ ಪಡೆಯಬೇಕು. ಇನ್ನು ಎಂಟು ವರ್ಷದ ಮಗು ಹಿಂದಿನ ಸೀಟಿನಲ್ಲಿ ಕೂತಾಗಲೇ ನಮ್ಮ ಚಾಲನೆಯನ್ನು ಕಲಿಯುತ್ತಿರುತ್ತದೆ. ನಾವು ಒನ್‌ವೇಯಲ್ಲಿ ಎದುರು ನುಗ್ಗಿದ್ದು, ಸಿಗ್ನಲ್ ಹಾರಿದ್ದು, ಫೋನ್ ಕಿವಿಗಿಟ್ಟದ್ದು ಯಾವುದೂ ಅದರ ಕಣ್ಣು ತಪ್ಪುವುದಿಲ್ಲ. ಸೀಟ್ ಬೆಲ್ಟಿನ ಪಾಠ ಅಲ್ಲಿಂದಲೇ ಆಗಬೇಕು.

ಹೊಣೆ ಮನೆಯವರದ್ದಷ್ಟೇ ಅಲ್ಲ. ಹಳ್ಳಿಯಿಂದ ಬರುವ ಮಕ್ಕಳು ಸ್ಕೂಟರ್ ಹಿಡಿಯಲು ಬಸ್ಸಿನ ವೇಳೆಯೂ ಕಾರಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಆದರೆ ಕ್ಲಾಸಿನ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಯಾರಿಗೆ ದಕ್ಕೀತು? ಕಾಲೇಜು, ಟ್ಯೂಷನ್ ವೇಳೆಗೆ ಬಸ್ ಹೊಂದಿಸಬೇಕೆಂದು ಸಾರಿಗೆ ನಿಗಮದ ಡಿಪೋಗಳಿಗೆ ಊರಿನವರು ಒಟ್ಟಾಗಿ ಮನವಿ ಕೊಡಬೇಕು. ಲೈಸೆನ್ಸ್ ಇಲ್ಲದವರ ಗಾಡಿಗೆ ಆವರಣದಲ್ಲಿ ಜಾಗವಿಲ್ಲ ಎಂದು ಕಾಲೇಜುಗಳು ಖಂಡಿತವಾಗಿ ಹೇಳಬೇಕು.

ನಮ್ಮ ಪಾಲಿನದು ಎರಡೇ ಕೆಲಸ. 18 ತುಂಬುವವರೆಗೆ, ಎಷ್ಟೇ ಹಟ ಮಾಡಿದರೂ, ಕೀ ಕೊಡಬೇಡಿ. ತುಂಬಿದ ಮೇಲೆ ಒಂದು ವರ್ಷ ಭಾನುವಾರದ ಒಂದು ಗಂಟೆಯನ್ನು ಮಗುವಿನ ಚಾಲನೆಗೆ ಮೀಸಲಿಡಿ. ಆ ಒಂದು ಗಂಟೆ ನಿಮ್ಮ ಮಗುವನ್ನಷ್ಟೇ ಅಲ್ಲ, ರಸ್ತೆ ದಾಟುವ ಇನ್ನೊಬ್ಬರ ಮಗುವನ್ನೂ ಕಾಯುತ್ತದೆ.