ಎರಡೆಡೆ ಇದ್ದ ಮಾತ್ರಕ್ಕೆ ಲೆಕ್ಕ ಭದ್ರವೇ?

ಪ್ರಧಾನ ಕಚೇರಿ ಪೇಟೆಯಲ್ಲಿ, ಘಟಕ ಕೈಗಾರಿಕಾ ಪ್ರದೇಶದಲ್ಲಿ, ಗೋದಾಮು ಎಪಿಎಂಸಿ ಯಾರ್ಡಿನಲ್ಲಿ ಇರುವ ಸಣ್ಣ ಸಂಸ್ಥೆಗಳೂ ಇಂದು ಎರಡು ಮೂರು ಸರ್ವರ್‌ಗಳನ್ನು ಇಟ್ಟುಕೊಂಡಿರುವುದುಂಟು. ಒಂದೆಡೆ ಉಳಿಸಿದ ಬಿಲ್ಲು, ದರಪಟ್ಟಿ, ನಕ್ಷೆಗಳು ಉಳಿದ ಕಡೆಗಳಲ್ಲಿಯೂ ತಾವಾಗಿಯೇ ದೊರೆಯುವಂತೆ ಮಾಡುವ ವಿಂಡೋಸ್ ಸರ್ವರ್‌ನ ಸೌಲಭ್ಯಕ್ಕೆ ಡಿಎಫ್‌ಎಸ್ ಎಂದು ಹೆಸರು. ಉಪಯುಕ್ತವಾದ ಏರ್ಪಾಡೇ ಸರಿ. ಆದರೆ ಇದರ ನವೀಕರಣವನ್ನು ಒಂದು ಶನಿವಾರ ಸಂಜೆ ಯಂತ್ರ ಮಾರಿದ ಅಂಗಡಿಯ ಹುಡುಗನಿಗೆ ವಹಿಸಿ ಮಾಲೀಕರು ಮನೆಗೆ ತೆರಳುವ ಪದ್ಧತಿ ಒಪ್ಪತಕ್ಕದ್ದಲ್ಲ. ಅದರಲ್ಲಿರುವ ಲೆಕ್ಕಪತ್ರಗಳಿಗೆ ಕಾನೂನಿನ ಮುಂದೆ ಉತ್ತರ ಹೇಳಬೇಕಾದವರು ಮಾಲೀಕರೇ.

ನವೀಕರಣವನ್ನು ಮುಂದೂಡುತ್ತಾ ಹೋಗುವಂತೆಯೂ ಇಲ್ಲ. ವಿಂಡೋಸ್ ಸರ್ವರ್ 2012ರ ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯಮಿತ ಬೆಂಬಲವು 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. 2016ರ ಆವೃತ್ತಿಗೆ 2027ರ ಜನವರಿ 12 ಕೊನೆಯ ದಿನವೆಂದು ನಿಗದಿಯಾಗಿದೆ.

“ನಮ್ಮ ಡೇಟಾ ಎರಡು ಕಡೆ ಇದೆ, ಭಯವಿಲ್ಲ” ಎಂಬ ಮಾತು ವರ್ತಕ ವಲಯದಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಇದು ಅಪಾಯಕಾರಿಯಾದ ತಪ್ಪು ತಿಳಿವಳಿಕೆ. ಡಿಎಫ್‌ಎಸ್ ಮಾಡುವುದು ಪ್ರತಿಬಿಂಬವನ್ನು ಮಾತ್ರ. ಒಂದು ಕಡೆ ಅಳಿಸಿದ ಫೈಲು ಇನ್ನೊಂದು ಕಡೆಯೂ ಅಳಿಯುತ್ತದೆ. ಒಂದು ಸರ್ವರ್‌ನ ಫೈಲುಗಳನ್ನು ವೈರಸ್ ಕೆಡಿಸಿದರೆ ಕೆಟ್ಟ ಪ್ರತಿಯೇ ಇನ್ನೊಂದಕ್ಕೂ ತಲುಪುತ್ತದೆ. ಒಂದೇ ಫೈಲನ್ನು ಇಬ್ಬರು ಎರಡು ಊರುಗಳಲ್ಲಿ ತಿದ್ದಿದರೆ ಕೊನೆಗೆ ಉಳಿಸಿದವರದು ನಿಲ್ಲುತ್ತದೆ, ಮೊದಲಿನವರದು ಒಂದು ಗುಪ್ತ ಫೋಲ್ಡರಿಗೆ ಹೋಗಿ ಬೀಳುತ್ತದೆ. ಆ ಫೋಲ್ಡರು ತುಂಬಿದಂತೆ ಹಳೆಯವು ತಾವಾಗಿಯೇ ಅಳಿಯುತ್ತವೆ. ಇನ್ನು, ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುವ ಲೆಕ್ಕಪತ್ರದ ಫೈಲು ಮುಚ್ಚುವವರೆಗೂ ನಕಲಾಗದೆ ಉಳಿಯಬಹುದು. ಮಧ್ಯಾಹ್ನ ಮೂರಕ್ಕೆ ಡಿಸ್ಕ್ ಕೆಟ್ಟರೆ ಇನ್ನೊಂದು ಸರ್ವರ್‌ನಲ್ಲಿ ದೊರೆಯುವುದು ಹಿಂದಿನ ದಿನದ ಲೆಕ್ಕವಷ್ಟೇ. ಆದುದರಿಂದ ಲೆಕ್ಕಪತ್ರದ ತಂತ್ರಾಂಶದ ಡೇಟಾವನ್ನು ಈ ವ್ಯವಸ್ಥೆಯ ನೆಚ್ಚಿಕೆಗೆ ಬಿಡದಿರುವುದೇ ಲೇಸು. ದರಪಟ್ಟಿ, ನಕ್ಷೆ, ಪತ್ರವ್ಯವಹಾರಗಳಿಗೆ ಇದು ಸಾಕು.

ನವೀಕರಣದ ಸಮಯದಲ್ಲಿ ಈ ಸ್ವಭಾವಗಳೇ ತೊಡಕಾಗುತ್ತವೆ. ಸರ್ವರ್‌ಗಳನ್ನು ಒಂದೊಂದಾಗಿ ಬದಲಿಸಬೇಕು. ಹೊಸದಕ್ಕೆ ಎಲ್ಲ ಫೈಲುಗಳೂ ಬಂದು ಸೇರಿದವೆಂದು ಎಣಿಸಿ ನೋಡಿದ ಬಳಿಕವೇ ಮುಂದಿನದಕ್ಕೆ ಕೈ ಹಾಕಬೇಕು. ಕಳಚಿದ ಹಳೆಯ ಸರ್ವರನ್ನು “ಇರಲಿ” ಎಂದು ಮೂಲೆಯಲ್ಲಿಟ್ಟು ಮೂರು ತಿಂಗಳ ನಂತರ ಮತ್ತೆ ಜಾಲಕ್ಕೆ ಸೇರಿಸುವವರಿದ್ದಾರೆ. 2012ರ ಆವೃತ್ತಿಯಿಂದೀಚೆಗೆ, 60 ದಿನಗಳಿಗಿಂತ ಹೆಚ್ಚು ಕಾಲ ಸಂಪರ್ಕ ತಪ್ಪಿದ ಸರ್ವರ್‌ನೊಡನೆ ನಕಲು ವ್ಯವಹಾರ ನಿಲ್ಲುವಂತೆ ಏರ್ಪಡಿಸಲಾಗಿದೆ. ಹಳಸಿದ ಪ್ರತಿಗಳು, ಅಳಿಸಿಹೋದ ಫೈಲುಗಳು ಮರಳಿ ತಲೆಯೆತ್ತದಿರಲೆಂದೇ ಈ ತಡೆ. ಇದನ್ನು ಅರಿಯದ ತಂತ್ರಜ್ಞನು ದೋಷವೆಂದು ಬಗೆದು ತಡೆಯನ್ನೇ ತೆಗೆದುಹಾಕಿದರೆ ಕಳೆದ ತ್ರೈಮಾಸಿಕದ ದರಪಟ್ಟಿಯಂತೆ ಬಿಲ್ಲು ಹೋದೀತು!

ಏನೇ ತೊಂದರೆಯಾದರೂ ಆರಿಸಿ ಮತ್ತೆ ಚಾಲೂ ಮಾಡುವುದು ನಮ್ಮ ಕಚೇರಿಗಳ ಸರ್ವರೋಗ ನಿವಾರಕ ಮದ್ದು. ಅದು ಎಲ್ಲ ವೇಳೆಯಲ್ಲಿಯೂ ಸಲ್ಲದು ಎಂಬುದಕ್ಕೆ ಇದೇ ಜಾತಿಯ ಇನ್ನೊಂದು ವ್ಯವಸ್ಥೆ ಸಾಕ್ಷಿಯಾಗಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ ವ್ಯವಸ್ಥೆಯೊಂದು ಇಂದು ಓಪನ್‌ಎಎಫ್‌ಎಸ್ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿದೆ. 2021ರ ಜನವರಿ 14ರಂದು, ಭಾರತೀಯ ಕಾಲಮಾನ ಮಧ್ಯಾಹ್ನ 1.55ರ ನಂತರ, ಅದರ 1.8 ಸರಣಿಯ ತಂತ್ರಾಂಶವಿದ್ದ ಯಂತ್ರಗಳಲ್ಲಿ ಹೊಸದಾಗಿ ಚಾಲೂ ಆದವು ಸಂಪರ್ಕ ಸಾಧಿಸದಾದವು. ಗಡಿಯಾರದ ಸಂಖ್ಯೆಯನ್ನು ಆಧರಿಸಿ ಸಂಪರ್ಕದ ಗುರುತನ್ನು ರಚಿಸುವಲ್ಲಿ ಅಡಗಿದ್ದ ದೋಷ ಅದಕ್ಕೆ ಕಾರಣ. ಅದಕ್ಕೆ ಮೊದಲೇ ಓಡುತ್ತಿದ್ದ ಯಂತ್ರಗಳು ಎಂದಿನಂತೆ ಕೆಲಸ ಮಾಡುತ್ತಲೇ ಇದ್ದವು. ಅವನ್ನು ಆರಿಸಿ ಹಾಕಿದವರು ಸಿಕ್ಕಿಕೊಂಡರು. ದೋಷವನ್ನು 1.8.7 ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಸ್ವಿಚ್ಚಿಗೆ ಕೈ ಹಾಕುವ ಮುನ್ನ ಸರ್ವರ್‌ನ ದಾಖಲೆಯಲ್ಲಿ ನಮೂದಾದ ದೋಷದ ಸಂದೇಶವನ್ನು ಓದಿ ಬರೆದಿಟ್ಟುಕೊಳ್ಳಲು ತಂತ್ರಜ್ಞನಿಗೆ ಹತ್ತು ನಿಮಿಷ ಸಾಕು.

ಕಾನೂನಿನ ಮಾತೂ ಇದೆ. ಜಿಎಸ್‌ಟಿ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು, ಕಂಪನಿಗಳ ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷ ಕಾಪಾಡಬೇಕು. 2022ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಕಂಪನಿಗಳು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇಡತಕ್ಕದ್ದು. 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನೂ ಅವುಗಳ ತಂತ್ರಾಂಶ ದಾಖಲಿಸಬೇಕು. ಸರ್ವರ್ ಬದಲಿಸುವಾಗ ಈ ಜಾಡು ಕಡಿದರೆ ಲೆಕ್ಕಪರಿಶೋಧಕರು ವರದಿಯಲ್ಲಿ ಅದನ್ನು ಹೇಳಲೇಬೇಕಾಗುತ್ತದೆ.

ಆಯುಧಪೂಜೆಯ ದಿನ ಸರ್ವರಿಗೂ ಕುಂಕುಮವಿಟ್ಟು ಹೂ ಮುಡಿಸುವ ಸಂಸ್ಥೆಗಳಲ್ಲಿ, ಬ್ಯಾಕಪ್ಪಿನಿಂದ ಒಂದು ಫೈಲನ್ನಾದರೂ ಮರಳಿ ತೆಗೆದು ನೋಡಿದವರು ಎಷ್ಟು ಮಂದಿ? ನವೀಕರಣಕ್ಕೆ ಮಾರ್ಚ್ ಅಂತ್ಯವನ್ನೂ ತಿಂಗಳ ರಿಟರ್ನ್‌ಗಳ ದಿನಗಳನ್ನೂ ಬಿಟ್ಟು ಬೇರೆ ವೇಳೆಯನ್ನು ಆರಿಸಿಕೊಳ್ಳಬೇಕು. ಹಿಂದಿನ ದಿನವೇ ಪ್ರತ್ಯೇಕ ಡಿಸ್ಕಿಗೆ ಬ್ಯಾಕಪ್ ತೆಗೆದು, ಅದನ್ನು ಜಾಲದಿಂದ ಬಿಡಿಸಿ ಕಪಾಟಿನಲ್ಲಿಡಬೇಕು. ಗುತ್ತಿಗೆದಾರನ ಬಿಲ್ಲಿನ ಕೊನೆಯ ಕಂತನ್ನು, ಹೊಸ ಸರ್ವರ್‌ನಲ್ಲಿ ಹಿಂದಿನ ವರ್ಷದ ತಾಳೆಪಟ್ಟಿಯನ್ನು ತೆರೆದು ಮುದ್ರಿತ ಪ್ರತಿಯೊಡನೆ ಹೋಲಿಸಿದ ಮೇಲೆಯೇ ಪಾವತಿಸಬೇಕು.