ಮದುವೆಯ ಜಮಾಖರ್ಚು

ಹಿಂದೂ ವಿವಾಹ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ಎಪ್ಪತ್ತು ತುಂಬಿತು. ಈ ಏಳು ದಶಕಗಳ ಲೆಕ್ಕ ತೆಗೆದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮದುವೆಯಾದವರಿಗೆ ನಮ್ಮ ಕಾನೂನು ಕೊಡುವ ಅನುಕೂಲಗಳಲ್ಲಿ ಹೆಚ್ಚಿನವು ಕೈಗೆ ಬರುವುದು ಇಬ್ಬರಲ್ಲೊಬ್ಬರು ಸತ್ತಾಗ, ಇಲ್ಲವೇ ಸಂಸಾರ ಮುರಿದಾಗ. ಇಬ್ಬರೂ ನೆಟ್ಟಗೆ ಬಾಳುತ್ತಿರುವಷ್ಟು ದಿನ ಕಾನೂನಿನ ಕೈ ಬಿಗಿ.

ಸಾವಿನ ನಂತರದ ಪಟ್ಟಿಯೇನೋ ಉದ್ದವಾಗಿದೆ. ಇದರಲ್ಲಿ ಹಳೆಯ ಮೈಸೂರು ಉಳಿದವರಿಗಿಂತ ಮುಂದಿತ್ತು. 1933ರಲ್ಲೇ ಅಲ್ಲಿನ ಕಾಯ್ದೆ ಪಾಲುಪಟ್ಟಿಯ ಹೊತ್ತಿಗೆ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಡಿಸಿತು. ಬ್ರಿಟಿಷರ ಆಳ್ವಿಕೆಯ ಪ್ರಾಂತ್ಯಗಳಲ್ಲಿ ವಿಧವೆಗೆ ಪಾಲು ಸಿಕ್ಕಿದ್ದು 1937ರಲ್ಲಿ, ಅದೂ ಬದುಕಿರುವ ತನಕ ಅನುಭವಿಸುವುದಕ್ಕೆ ಮಾತ್ರ. ಮಾರುವ, ಕೊಡುವ ಪೂರ್ಣ ಒಡೆತನಕ್ಕೆ 1956ರ ಉತ್ತರಾಧಿಕಾರ ಕಾಯ್ದೆಯೇ ಬರಬೇಕಾಯಿತು. 1964ರಿಂದ ಕೇಂದ್ರ ನೌಕರರಿಗೆ ಕುಟುಂಬ ಪಿಂಚಣಿ ಬಂತು. ಇಂದು ಅದು ಸಾಮಾನ್ಯವಾಗಿ ಕೊನೆಯ ಮೂಲವೇತನದ ಶೇ 30. ಖಾಸಗಿ ನೌಕರಿಯಲ್ಲಿದ್ದವರ ಹೆಂಡತಿಗೆ ಪಿಎಫ್ ಪಿಂಚಣಿ ಯೋಜನೆಯಿದೆ. 2014ರಲ್ಲಿ ಅಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಮರುಮದುವೆಯಾದರೆ ಅದೂ ನಿಲ್ಲುತ್ತದೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ರಕ್ಷಣೆ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಲ್ಲಿದೆ. ಹೆಂಡತಿ ಮಕ್ಕಳ ಹೆಸರಿಗೆ ಇದರಡಿ ವಿಮೆ ಮಾಡಿಸಿದರೆ ಆ ಹಣ ಅವರದೇ. ಗಂಡನ ಸಾಲಗಾರರು ಅದನ್ನು ಮುಟ್ಟುವಂತಿಲ್ಲ. 1923ರಿಂದ ಹಿಂದೂಗಳಿಗೂ ಇದು ಅನ್ವಯಿಸುತ್ತದೆ. ಪಾಲಿಸಿ ಮಾಡಿಸುವಾಗಲೇ ಕೇಳಿ ಪಡೆಯಬೇಕು. ಹಾಗೆಯೇ, ಮದುವೆಗೆ ಮುಂಚೆ ಪಿಎಫ್‌ಗೆ ಅಪ್ಪ ಅಮ್ಮನನ್ನು ನಾಮಿನಿ ಮಾಡಿದ್ದವರು ಮದುವೆಯಾದ ಮೇಲೆ ಹೊಸದಾಗಿ ಬರೆದುಕೊಡಬೇಕು, ಹಳೆಯದು ನಿಲ್ಲದು.

ಇನ್ನು ಬದುಕಿರುವವರ ಕಥೆ. 1955ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಸಿ.ಡಿ. ದೇಶಮುಖ್ ತೆರಿಗೆ ವಿನಾಯಿತಿಯ ಮಿತಿಯನ್ನು ಮದುವೆಯಾದವರಿಗೆ 2,000, ಆಗದವರಿಗೆ 1,000 ರೂಪಾಯಿ ಎಂದು ಬೇರ್ಪಡಿಸಿದ್ದರು. ಆ ಉದಾರತೆ ಉಳಿಯಲಿಲ್ಲ. ಇಂದು ಗಂಡ ಹೆಂಡತಿ ತೆರಿಗೆಯ ಕಣ್ಣಿಗೆ ಇಬ್ಬರು ಬೇರೆ ಬೇರೆ ಆಸಾಮಿಗಳು. ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ ನಿಜ, ಆದರೆ ಅವಳು ಅದನ್ನು ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಮಾತ್ರ ಗಂಡನ ಆದಾಯಕ್ಕೇ ಸೇರುತ್ತದೆ. ಒಂದಾಗಿ ಲೆಕ್ಕ ಕೊಡುತ್ತೇವೆಂದರೆ ಬೇಡ, ಕೊಟ್ಟು ತೆಗೆದುಕೊಂಡರೆ ಮಾತ್ರ ಒಂದೇ!

ಇದಕ್ಕೂ ದೊಡ್ಡ ಕೊರತೆ ಮನೆಯದು. ಮೂವತ್ತು ವರ್ಷ ಅಡುಗೆ ಮಾಡಿ, ಮಕ್ಕಳನ್ನು ಸಾಕಿ, ಕಂತು ಕಟ್ಟಲು ಕೈ ಬಿಗಿಹಿಡಿದು ಉಳಿಸಿದವಳಿಗೂ ಗಂಡನ ಹೆಸರಿನ ಸೈಟಿನಲ್ಲಿ ತಾನೇ ತಾನಾಗಿ ಪಾಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ವಾಸಿಸುವ ಹಕ್ಕು ಕೊಟ್ಟಿತು, ಒಡೆತನ ಕೊಡಲಿಲ್ಲ. ಕಾರವಾರ ದಾಟಿ ಗೋವಾಕ್ಕೆ ಹೋದರೆ ಲೆಕ್ಕವೇ ಬೇರೆ. ಪೋರ್ಚುಗೀಸರ 1867ರ ಸಂಹಿತೆಯಿಂದ ಬಂದ ಪದ್ಧತಿಯಂತೆ, ಬೇರೆ ಕರಾರು ಮಾಡಿಕೊಂಡಿಲ್ಲದಿದ್ದರೆ ದಂಪತಿಯ ಆಸ್ತಿ ಇಬ್ಬರದೂ ಅರ್ಧರ್ಧ. ಆದಾಯ ತೆರಿಗೆ ಕಾನೂನು ಕೂಡ ಅವರ ಬಾಡಿಗೆ, ಬಡ್ಡಿ ಆದಾಯವನ್ನು ಸಮನಾಗಿ ಹಂಚಿ ನೋಡುತ್ತದೆ. ಉಳಿದ ದೇಶಕ್ಕೆ ಇದನ್ನು ತರಬಾರದೇಕೆ ಎಂಬುದಕ್ಕೆ ನಮಗೆ ಒಪ್ಪುವ ಉತ್ತರ ಸಿಕ್ಕಿಲ್ಲ.

ಮದುವೆಯೇ ನಷ್ಟವಾದದ್ದೂ ಉಂಟು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆ ಗೋಡೆ ಬಿದ್ದದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಸಲಿಂಗ ಜೋಡಿಗಳ ವಿಷಯದಲ್ಲಿ ಗೋಡೆ ಇನ್ನೂ ನಿಂತಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಮದುವೆಯನ್ನು ಮಾನ್ಯ ಮಾಡದೆ ಸಂಸತ್ತಿನತ್ತ ಕೈ ತೋರಿಸಿತು.

ಎಲ್ಲಕ್ಕಿಂತ ಕಟುವಾದದ್ದು ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್. ಮಕ್ಕಳಿಲ್ಲದ ವಿಧವೆ ವಿಲ್ ಬರೆಯದೆ ತೀರಿಕೊಂಡರೆ ಅವಳ ಸ್ವಂತ ಗಳಿಕೆ ಗಂಡನ ಕಡೆಯವರಿಗೆ ಹೋಗುತ್ತದೆ, ಹೆತ್ತವರು ಆಮೇಲೆ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ, ಮದುವೆಯಾದ ಮೂರು ತಿಂಗಳಲ್ಲೇ ವಿಧವೆಯಾಗಿ ಅತ್ತೆ ಮನೆಯಿಂದ ಹೊರದಬ್ಬಿಸಿಕೊಂಡವಳು ತವರಿನ ಆಸರೆಯಲ್ಲಿ ಓದಿ, ದುಡಿದು ಕೂಡಿಟ್ಟ ಹಣ ಕೊನೆಗೆ ಸೇರಿದ್ದು ಆ ಗಂಡನ ಸೋದರಳಿಯಂದಿರಿಗೆ. 2008ರಲ್ಲೇ ಕಾನೂನು ಆಯೋಗ ತನ್ನ 207ನೇ ವರದಿಯಲ್ಲಿ ಈ ಸೆಕ್ಷನ್ ತಿದ್ದಲು ಹೇಳಿತ್ತು. ಸಂಸತ್ತು ತಿದ್ದುವ ತನಕ, ದುಡಿಯುವ ಹೆಣ್ಣಿಗೆ ಉಳಿದಿರುವುದು ಒಂದು ಬಿಳಿ ಹಾಳೆ, ಇಬ್ಬರು ಸಾಕ್ಷಿಗಳು, ಒಂದು ಸಹಿ. ವಿಲ್‌ಗೆ ನೋಂದಣಿಯೂ ಕಡ್ಡಾಯವಲ್ಲ.